ಬೆಳಗಿನ ಹಾಜರಿ

ಮಿರ್ಜಾನ
ಜನವರಿ 11

ಪ್ರೀತಿಯ ಮಾಣಿ,

ನಿನ್ನ ಮೆಸೇಜು ನಿನ್ನೆ ರಾತ್ರಿ ಓದಿದೆ. "ಅತ್ತೆ, ಇನ್ನು ಮಾತ್ರೆ ಸಾಕು. ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೆಸರು ಕೊಡ್ತೇನೆ. ನೀನೂ ಧ್ಯಾನ ಮಾಡಿಯೇ ಅಲ್ವಾ ಇಷ್ಟು ವರ್ಷ ಸರಿ ಇರೋದು?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಅಳು ಬರುತ್ತದೆ. ಅದಕ್ಕೇ ಕಾಗದ.

ನನಗೂ ನಿನ್ನ ಹಾಗೇ ಬೈಪೋಲಾರ್ ಕಾಯಿಲೆ, ಮನಸ್ಸು ಒಮ್ಮೆ ತೀರಾ ಮೇಲೇರುವುದು, ಒಮ್ಮೆ ತೀರಾ ಕೆಳಗಿಳಿಯುವುದು. ಧ್ಯಾನ ಮಾಡುತ್ತೇನೆ, ನಿಜ. ಆದರೆ ಮಾತ್ರೆ ಬಿಟ್ಟು ಅಲ್ಲ, ಮಾತ್ರೆ ತಗೊಂಡು. ನೀನು ಈ ಎರಡನೆಯದನ್ನು ನೋಡಿಲ್ಲ, ಯಾಕೆಂದರೆ ನಾನು ಯಾರೆದುರೂ ಮಾತ್ರೆ ನುಂಗುತ್ತಿರಲಿಲ್ಲ. ಅದು ನನ್ನದೇ ತಪ್ಪು.

ನಿನ್ನ ಅಪ್ಪ ನಿನಗೆ ಪೂರ್ತಿ ಹೇಳಿರಲಿಕ್ಕಿಲ್ಲ. 1994ರಲ್ಲಿ ನನಗೆ 31 ವರ್ಷ. ಯಾರೋ ಹೇಳಿಕೊಟ್ಟರು ಅಂತ ಬೆಳಗಿನ ಜಾವ ಮೂರಕ್ಕೆ ಎದ್ದು ದೇವರ ಮುಂದೆ ಕೂರಲು ಶುರು ಮಾಡಿದೆ. ಮೊದಲು ಒಂದು ತಾಸು, ಆಮೇಲೆ ಎರಡು, ಆಮೇಲೆ ಲೆಕ್ಕವೇ ಇಲ್ಲ. ನಿದ್ದೆ ಎರಡು ತಾಸಿಗೆ ಇಳಿಯಿತು. ಆದರೂ ಸುಸ್ತಿಲ್ಲ! ಏನು ಖುಷಿ, ಏನು ಬೆಳಕು ಅನ್ನುತ್ತೀಯ. ಹಂಚಿನಿಂದ ನೀರು ತೊಟ್ಟಿಕ್ಕಿದರೂ ನನಗೇ ಏನೋ ಹೇಳುತ್ತಿದೆ ಅನ್ನಿಸುತ್ತಿತ್ತು. ಊರವರು "ಟೀಚರಿಗೆ ದೇವರು ಒಲಿದಿದ್ದಾನೆ" ಅಂದರು. ನಾನೂ ನಂಬಿದೆ. ಕುಮಟೆ ಪೇಟೆಯಲ್ಲಿ ಉದ್ರಿ ಬರೆಸಿ 14 ಸೀರೆ ತಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ಕೈಬಳೆ ಬಿಚ್ಚಿ ಕೊಟ್ಟೆ. ಅವಳ ಹೆಸರೂ ಗೊತ್ತಿಲ್ಲ. ತಡೆಯಲು ಬಂದ ನಿನ್ನ ಮಾವನಿಗೆ ಶಾಲೆಯ ಮಕ್ಕಳೆದುರು ಬಾಯಿಗೆ ಬಂದಂತೆ ಬಯ್ದೆ.

ಅರಬೈಲ್ ಘಟ್ಟ ಹತ್ತಿಸಿ ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಬಂದ ಮೇಲೆ ಮಳೆಗಾಲವಿಡೀ ಇನ್ನೊಂದು ತುದಿ. ಹಾಸಿಗೆ ಬಿಟ್ಟು ಏಳಲಿಲ್ಲ. ತಲೆಕೂದಲು ಗಂಟು ಕಟ್ಟಿ ಜಡೆಯಾಗಿತ್ತು. ಮಾವ ಜಗಲಿಯಲ್ಲಿ ನನ್ನನ್ನು ಕೂರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ತುದಿಯಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದರು. ನನಗೆ ಕೈ ಎತ್ತಿ ಬಾಚಣಿಗೆ ಹಿಡಿಯುವ ಶಕ್ತಿ ಇರಲಿಲ್ಲ. ಆ ಮನುಷ್ಯ ಒಂದು ದಿನವೂ "ಯಾಕೆ ಹೀಗೆ ಮಾಡ್ತೆ" ಅಂತ ಕೇಳಲಿಲ್ಲ.

ಧ್ಯಾನದಿಂದ ಕಾಯಿಲೆ ಬಂತು ಅನ್ನುತ್ತಿಲ್ಲ. ಕಾಯಿಲೆ ಒಳಗೇ ಇತ್ತು. ನಮ್ಮ ಅಜ್ಜನ ತಮ್ಮನಿಗೂ ಇದೇ ಇತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಆಗ "ಗಾಳಿ ಸೋಕಿದೆ" ಅಂದು ತಾಯಿತ ಕಟ್ಟಿದ್ದರಂತೆ. ಆದರೆ ನಿದ್ದೆಗೆಟ್ಟು ಕೂತದ್ದು ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನಮ್ಮಂಥವರಿಗೆ ನಿದ್ದೆ ಕಡಿಮೆಯಾಗುವುದು ಮೇಲೇರುವುದರ ಗುರುತು ಮಾತ್ರ ಅಲ್ಲ, ಎಷ್ಟೋ ಸಲ ಮೇಲೇರಿಸುವುದೂ ಅದೇ.

ಇನ್ನೊಂದು ಹೇಳಲೇಬೇಕು. 1997ರಲ್ಲಿ ನಾನೂ ಒಂದು ಶಿಬಿರಕ್ಕೆ ಹೋದೆ. ಎಲ್ಲಿ, ಯಾರದು ಅಂತ ಬರೆಯುವುದಿಲ್ಲ. "ಮಾತ್ರೆ ನಿಮ್ಮ ಶಕ್ತಿಯನ್ನು ಕಟ್ಟಿಹಾಕಿದೆ, ಬಿಟ್ಟುಬಿಡಿ" ಅಂದರು. ಕೇಳಲು ಹಿತವಾಗಿತ್ತು. ಬಿಟ್ಟೆ. ಮೂರು ತಿಂಗಳೊಳಗೆ ಮತ್ತೆ ಅದೇ ಘಟ್ಟ, ಅದೇ ಆಸ್ಪತ್ರೆ. ಈ ಸಲ ಅಪ್ಪನ ತೋಟದ ಒಂದು ಪಾಲು ಸಾಲಕ್ಕೆ ಹೋಯಿತು. ನಾನು ತಗೊಳ್ಳುವ ಮಾತ್ರೆ ಲಿಥಿಯಂ, ಅದನ್ನು ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದು ಜಾಸ್ತಿ ಅಂತ ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ನಿನಗೂ ಅದೇ ಮಾತ್ರೆ ಕೊಟ್ಟಿದ್ದಾರೆ ಅಲ್ವಾ? ಅದು ಹೊಸ ಪ್ರಯೋಗ ಅಲ್ಲ ಮಾಣಿ. ಜಾನ್ ಕೇಡ್ ಅನ್ನುವ ಆಸ್ಟ್ರೇಲಿಯಾದ ಡಾಕ್ಟರು 1949ರಲ್ಲೇ ಅದರ ಬಗ್ಗೆ ಬರೆದರು. ಮಾತ್ರೆ ಕಡಿಮೆ ಮಾಡಬೇಕು ಅನ್ನಿಸಿದರೆ ಕೇಳು, ಜಗಳವಾಡಿಯಾದರೂ ಕೇಳು, ಆದರೆ ನಿನ್ನ ಡಾಕ್ಟರ ಹತ್ತಿರವೇ ಕೇಳು.

ಹತ್ತು ದಿನದ ಶಿಬಿರ ಈಗ ಬೇಡ. ನಾಲ್ಕು ಗಂಟೆಗೆ ಏಳುವುದು, ದಿನಕ್ಕೆ ಹತ್ತು ತಾಸು ಕೂರುವುದು, ಯಾರ ಜೊತೆಗೂ ಮಾತಿಲ್ಲ. ಗಟ್ಟಿ ಇರುವವರಿಗೆ ಅದು ಒಳ್ಳೆಯದೇ ಇರಬಹುದು. ನೀನು ಆಸ್ಪತ್ರೆಯಿಂದ ಬಂದು ಇನ್ನೂ ಎರಡು ತಿಂಗಳು. ಅಂಥ ಕಡೆ ಅರ್ಜಿಯಲ್ಲೇ ಮಾನಸಿಕ ಕಾಯಿಲೆ ಇದೆಯಾ ಅಂತ ಕೇಳುತ್ತಾರೆ. ಅದನ್ನು ಮುಚ್ಚಿಟ್ಟು ಹೋಗುವ ಯೋಚನೆ ಇದ್ದರೆ ಈಗಲೇ ಬಿಡು. ಭಸ್ತ್ರಿಕಾ, ಕಪಾಲಭಾತಿ ಥರ ಜೋರಾಗಿ ಉಸಿರು ಬಿಡುವುದನ್ನೂ ಡಾಕ್ಟರನ್ನು ಕೇಳದೆ ಮಾಡಬೇಡ. ಅದರಿಂದ ಮೇಲೇರಿದವರು ಇದ್ದಾರೆ.

ಹಾಗಾದರೆ ನಾನು ಮಾಡುವುದು ಏನು? ತುಂಬ ಸಣ್ಣದು. ಕೇಳಿದರೆ "ಇಷ್ಟೇನಾ" ಅನ್ನುತ್ತೀಯ.

ಬೆಳಿಗ್ಗೆ ಆರೂವರೆಗೆ, ದಿನಾ ಅದೇ ಹೊತ್ತಿಗೆ, ಜಗಲಿಯ ಮೇಲೆ ಕೂರುತ್ತೇನೆ. ಹತ್ತು ನಿಮಿಷ. ಕಣ್ಣು ಪೂರ್ತಿ ಮುಚ್ಚುವುದಿಲ್ಲ, ಎದುರಿನ ನೆಲ ಕಾಣಬೇಕು. ಪಾದಕ್ಕೆ ನೆಲದ ತಂಪು ತಾಗುತ್ತದಲ್ಲ, ಮೊದಲು ಅದು. ಆಮೇಲೆ ಉಸಿರು ಬಂದು ಹೋಗುವುದು. ಆಮೇಲೆ ಹಾಜರಿ ಕರೆಯುತ್ತೇನೆ. 30 ವರ್ಷ ಶಾಲೆಯಲ್ಲಿ ಮಾಡಿದ ಕೆಲಸ ಅದೇ ತಾನೇ. ರಾತ್ರಿ ನಿದ್ದೆ ಎಷ್ಟು ತಾಸು? ಗಡಿಬಿಡಿ ಬಂದಿದ್ದಾನಾ? ಸಿಟ್ಟು? ಹೊಸ ಹೊಸ ಯೋಜನೆಗಳು ಎಷ್ಟು ಜನ ಕೂತಿದ್ದಾರೆ? ಅಳು ಹಿಂದಿನ ಬೆಂಚಿನಲ್ಲಿ ಇದೆಯಾ? ಹಾಜರಿ ಕರೆಯುವಾಗ ಪಾಠ ಮಾಡುವುದಿಲ್ಲ, ಯಾರನ್ನೂ ಹೊರಗೆ ಹಾಕುವುದಿಲ್ಲ. ಹೆಸರು ಕರೆ, "ಇದ್ದೇನೆ" ಅಂದರೆ ಗುರುತು ಹಾಕು, ಮುಂದೆ ಹೋಗು. ಮನಸ್ಸು ಬೇರೆಲ್ಲೋ ಓಡಿದರೆ ಮತ್ತೆ ಪಾದದಿಂದ ಶುರು.

ಎದ್ದ ಮೇಲೆ ಹಳೇ ಹಾಜರಿ ಪುಸ್ತಕದಲ್ಲಿ ಎರಡೇ ಅಂಕಿ ಬರೆಯುತ್ತೇನೆ. ನಿದ್ದೆಯ ತಾಸು, ಮತ್ತೆ ಮನಸ್ಸಿನ ಮಟ್ಟ. ಮಟ್ಟ ಸೊನ್ನೆ ಅಂದರೆ ಸಮ, ಮೇಲೆ ಮೂರರವರೆಗೆ, ಕೆಳಗೆ ಮೂರರವರೆಗೆ. ಎರಡು ದಿನ ಸಾಲಾಗಿ ನಿದ್ದೆ ಐದು ತಾಸಿಗಿಂತ ಕಡಿಮೆ, ಆದರೂ ಸುಸ್ತಿಲ್ಲ ಅಂತ ಕಂಡರೆ ಮೂರನೇ ದಿನಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡುತ್ತೇನೆ. ಆ ಹತ್ತು ನಿಮಿಷ ನನಗೆ ಕೊಟ್ಟದ್ದು ಇದನ್ನೇ. 1994ರಲ್ಲಿ ನನಗೆ ಏನಾಗುತ್ತಿದೆ ಅಂತ ಊರಿಗೆಲ್ಲ ಗೊತ್ತಾದ ಮೇಲೂ ನನಗೆ ಗೊತ್ತಾಗಲಿಲ್ಲ. ಈಗ ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತದೆ.

ಆತಂಕ ತಗ್ಗಲು, ಉಳಿದುಕೊಂಡ ಖಿನ್ನತೆ ಸ್ವಲ್ಪ ಹಗುರಾಗಲು ಧ್ಯಾನದಿಂದ ಸಹಾಯ ಆಗಬಹುದು, ಆದರೆ ಉನ್ಮಾದವನ್ನು, ಅಂದರೆ ಮನಸ್ಸು ಮೇಲೇರುವುದನ್ನು, ಅದು ತಡೆಯುತ್ತದೆ ಅಂತ ಯಾರೂ ತೋರಿಸಿಕೊಟ್ಟಿಲ್ಲ ಅಂತ ನನ್ನ ಡಾಕ್ಟರಮ್ಮ ಹೇಳುತ್ತಾರೆ. ನನ್ನ ಅನುಭವವೂ ಅಷ್ಟೇ. ಅದಕ್ಕೇ ಮಟ್ಟ ಎರಡಕ್ಕೆ ಏರಿದ ದಿನ ನಾನು ಕೂರುವುದೇ ಇಲ್ಲ. ಆ ದಿನ ಧ್ಯಾನ ತುಂಬ ಚೆನ್ನಾಗಿ ಆಗುತ್ತದೆ, ಅದೇ ಅಪಾಯ. ಕೈಗೆ ಕೆಲಸ ಕೊಡುತ್ತೇನೆ. ಹಿತ್ತಿಲು ಗುಡಿಸುತ್ತೇನೆ, ತೆಂಗಿನ ಗರಿ ಸೀಳಿ ಹಿಡಿಕಡ್ಡಿ ಮಾಡುತ್ತೇನೆ.

ಕೆಳಗಿಳಿದ ದಿನದ ಕಥೆ ಬೇರೆ. ಆಗ ಕಣ್ಣು ಮುಚ್ಚಿ ಕೂತರೆ ಹಳೇ ತಪ್ಪುಗಳೇ ಬೀಸುವ ಕಲ್ಲಿನ ಹಾಗೆ ಸುತ್ತುತ್ತವೆ. ಕೂರಬೇಡ. ಮನೆಯಿಂದ ತೋಟದ ಮೊದಲ ಸಂಕದವರೆಗೆ ನಡೆ, ಹೆಜ್ಜೆ ಎಣಿಸು, ವಾಪಸ್ ಬಾ. ಮೂರು ನಿಮಿಷವಾದರೂ ಸಾಕು. ಒಂದು ದಿನ ಅದೂ ಆಗಲಿಲ್ಲವಾ, ಪರವಾಗಿಲ್ಲ, ಮಾತ್ರೆ ತಗೊಂಡು ಮಲಗು. ಬದುಕೇ ಬೇಡ ಅನ್ನಿಸಿದರೆ ಮಾತ್ರ ಒಬ್ಬನೇ ಇರಬೇಡ. ಎಷ್ಟೇ ರಾತ್ರಿ ಆಗಿರಲಿ, ಅಪ್ಪನನ್ನು ಎಬ್ಬಿಸು, ಇಲ್ಲಾ ನನಗೆ ಫೋನ್ ಮಾಡು. 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರಿದೆ. ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊಬೈಲಿನಲ್ಲಿ ಈಗಲೇ ಹಾಕಿಟ್ಟುಕೋ.

ಈಗ ಶಿರಸಿ ಕಡೆ ಅಡಿಕೆ ಸುಲಿಯುವ ಕಾಲ. ಮನೆಯಲ್ಲಿ ಹನ್ನೆರಡು ಗಂಟೆಯವರೆಗೆ ಕೂತು ಸುಲಿಯುತ್ತಾರೆ ಅಂತ ಗೊತ್ತು. ಹರಟೆ, ಕಷಾಯ, ನಗು, ಅಲ್ಲಿಂದ ಎದ್ದು ಹೋಗುವುದು ಕಷ್ಟ. ಆದರೆ ನೀನು ಹಗಲಲ್ಲಿ ಸುಲಿ, ಹತ್ತು ಗಂಟೆಗೆ ಮಲಗು. ಅತ್ತಿಗೆಗೆ ನಾನೇ ಹೇಳುತ್ತೇನೆ, ನಿನಗೆ ಸಂಕೋಚ ಬೇಡ. ಯಕ್ಷಗಾನದ ಹುಚ್ಚು ನಿನಗೆ ಎಷ್ಟಿದೆ ಅಂತ ನನಗಿಂತ ಬೇರೆ ಯಾರಿಗೆ ಗೊತ್ತು. ಈ ವರ್ಷ ಬೆಳತನಕದ ಆಟ ಬಿಡು, ಕಾಲಮಿತಿಯ ಆಟ ನೋಡು.

ನೀರಿನ ವಿಷಯ ಮರೆತೆ. ಒಂದು ಏಕಾದಶಿ ನಾನು ನೀರನ್ನೂ ಕುಡಿಯದೆ ಉಪವಾಸ ಮಾಡಿದೆ, ಏಪ್ರಿಲ್ ಸೆಕೆಯಲ್ಲಿ. ಸೊಂಟನೋವು ಅಂತ ಅಂಗಡಿಯ ನೋವಿನ ಮಾತ್ರೆಯನ್ನೂ ಎರಡು ದಿನದಿಂದ ನುಂಗಿದ್ದೆ. ಮರುದಿನ ಹಲಗೆಯ ಮೇಲೆ "ಕಮಲ" ಅಂತ ಬರೆಯಲು ಹೋದರೆ ಸೀಮೆಸುಣ್ಣ ಕುಣಿಯುತ್ತಿದೆ. ಮಕ್ಕಳು ನಕ್ಕರು. ನಾಲಿಗೆಯೂ ತೊದಲುತ್ತಿತ್ತು. ರಕ್ತದಲ್ಲಿ ಲಿಥಿಯಂ ಏರಿತ್ತು. ಬೆವರು ಹರಿದು ನೀರು, ಉಪ್ಪು ಕಡಿಮೆಯಾದರೆ ಹಾಗಾಗುತ್ತದೆ, ಐಬುಪ್ರೊಫೆನ್ ಥರದ ನೋವಿನ ಮಾತ್ರೆಯಿಂದಲೂ ಆಗುತ್ತದೆ. ಉಪವಾಸ ಧ್ಯಾನಕ್ಕೆ ಒಳ್ಳೆಯದು ಅಂತ ಯಾರಾದರೂ ಹೇಳಿದರೆ ಈ ಸೀಮೆಸುಣ್ಣ ನೆನಪಿಸಿಕೋ. ನೀರು ಕುಡಿ, ಊಟದ ಉಪ್ಪನ್ನು ಒಮ್ಮೆಲೇ ಬಿಡಬೇಡ. ವಾಂತಿ ಭೇದಿ ಆದರೆ ಅವತ್ತೇ ಡಾಕ್ಟರಿಗೆ ಹೇಳು. ರಕ್ತ ಪರೀಕ್ಷೆ ತಪ್ಪಿಸಬೇಡ, ಥೈರಾಯ್ಡ್, ಕಿಡ್ನಿಯದೂ ಸೇರಿ.

ಅಪ್ಪನ ಮೇಲೆ ನಿನಗೆ ಸಿಟ್ಟಿದೆ, ಎಟಿಎಂ ಕಾರ್ಡ್ ಕಿತ್ತುಕೊಂಡ ಅಂತ. ನಾನು ಒಂದು ಚೀಟಿ ಬರೆದು ಮಾವನ ಕೈಗೆ ಕೊಟ್ಟಿದ್ದೆ: ಮಟ್ಟ ಎರಡಾದರೆ ನನ್ನ ಪಾಸ್‌ಬುಕ್ ನಿಮ್ಮ ಹತ್ತಿರ, ನಾನು ಬಯ್ದರೂ ಕೊಡಬೇಡಿ, ಈ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಿ. ಸಮ ಇರುವಾಗ ನಾನೇ ಬರೆದದ್ದು, ಹಾಗಾಗಿ ಆಮೇಲೆ ಅವಮಾನ ಅನ್ನಿಸಲಿಲ್ಲ. ನಿನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅವಕಾಶ ಇದೆ. ನೀನೂ ಅಪ್ಪನೂ ಕೂತು ಹಾಗೊಂದು ಚೀಟಿ ಬರೆಯಿರಿ. ಅವನು ಕಿತ್ತುಕೊಂಡ ಹಾಗೆ ಆಗುವುದಿಲ್ಲ, ನೀನು ಕೊಟ್ಟ ಹಾಗೆ ಆಗುತ್ತದೆ.

ಮುಂದಿನ ಶನಿವಾರ ದೇವಿಮನೆ ಘಟ್ಟ ಇಳಿದು ಇಲ್ಲಿಗೆ ಬಾ. ಮಾತ್ರೆ ಡಬ್ಬಿ ಮರೆಯಬೇಡ. ರಾತ್ರಿ ಅಪ್ಪೆಹುಳಿ, ಅನ್ನ. ಹತ್ತಕ್ಕೆ ದೀಪ ಆರಿಸುತ್ತೇನೆ. ಬೆಳಿಗ್ಗೆ ಆರೂವರೆಗೆ ಜಗಲಿಯಲ್ಲಿ ನಿನಗೂ ಒಂದು ಮಣೆ ಇಟ್ಟಿರುತ್ತೇನೆ. ಹೊಸ ಹಾಜರಿ ಪುಸ್ತಕ ತಂದಿದ್ದೇನೆ, ಮೊದಲ ಪುಟದಲ್ಲಿ ಗೆರೆ ಹಾಕಿ ಆಗಿದೆ.

ನಿನ್ನ
ಅತ್ತೆ