ವಿದ್ಯಾರ್ಥಿ ಉದ್ಯಮಿಗಳ ಮೊದಲ ಬಂಡವಾಳಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ಶರಣು ಶರಣಾರ್ಥಿಗಳು.

ಕಲಬುರಗಿಯ ವಿಶ್ವವಿದ್ಯಾಲಯಗಳಲ್ಲಿ ಓದುತ್ತಲೇ ಸ್ವಂತ ಉದ್ಯಮ ಕಟ್ಟಲು ಹೊರಟಿರುವ ವಿದ್ಯಾರ್ಥಿಗಳಿಗಾಗಿ, ಹಳೆಯ ವಿದ್ಯಾರ್ಥಿಗಳು ಸೇರಿ ನಡೆಸುತ್ತಿರುವ ನಮ್ಮ ಟ್ರಸ್ಟ್ ಒಂದು ನಿಧಿಯನ್ನು ಸ್ಥಾಪಿಸುತ್ತಿದೆ. ಈ ವರ್ಷ 20 ವಿದ್ಯಾರ್ಥಿಗಳಿಗೆ ತಲಾ 50,000 ರೂಪಾಯಿವರೆಗೆ ನೆರವು ನೀಡಬೇಕೆಂಬುದು ನಮ್ಮ ಸಂಕಲ್ಪ. ಅದಕ್ಕೆ 10 ಲಕ್ಷ ರೂಪಾಯಿ ಬೇಕಾಗಿದ್ದು, ತಮ್ಮ ಮುಂದೆ ಕೈ ಚಾಚುತ್ತಿದ್ದೇವೆ.

ನಮ್ಮ ಭಾಗದಲ್ಲಿ ಉನ್ನತ ಶಿಕ್ಷಣ ಬೆಳೆದಿಲ್ಲವೆಂದು ಈಗ ಯಾರೂ ಹೇಳಲಾರರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂದವು. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ನೀಡುವ ಸಂವಿಧಾನದ 371(ಜೆ) ವಿಧಿಯಿಂದ ಸೀಟು ಮತ್ತು ನೌಕರಿಗಳಲ್ಲಿ ಮೀಸಲಾತಿ ದೊರೆತು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಸ್ನಾತಕೋತ್ತರ ಪದವಿಯವರೆಗೂ ಬಂದಿದ್ದಾರೆ. ಆದರೂ ಪದವಿ ಕೈಗೆ ಬಂದ ಮೇಲೆ ಅವರಲ್ಲಿ ಬಹಳಷ್ಟು ಮಂದಿ ಹೈದರಾಬಾದ್, ಪುಣೆ ಅಥವಾ ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಊರಲ್ಲೇ ಉಳಿದು ನಾಲ್ಕು ಜನರಿಗೆ ಕೆಲಸ ಕೊಡಬೇಕೆನ್ನುವ ವಿದ್ಯಾರ್ಥಿಗೆ ಉದ್ಯಮಶೀಲತೆಯ ಉಪನ್ಯಾಸ, ಸ್ಪರ್ಧೆ, ಪ್ರಮಾಣಪತ್ರ ಎಲ್ಲವೂ ಸಿಗುತ್ತವೆ. ಸಿಗದಿರುವುದು ಮರುದಿನ ಬೆಳಿಗ್ಗೆ ಕೆಲಸ ಶುರು ಮಾಡಲು ಬೇಕಾಗುವ ಅಲ್ಪ ಹಣ.

ಆಳಂದ ತಾಲೂಕಿನ ಒಬ್ಬ ವಿದ್ಯಾರ್ಥಿನಿಯ ವಿಷಯವನ್ನೇ ನೋಡಿ. ಆಕೆಯ ತಾಯಿ ಮತ್ತು ಓಣಿಯ ಮೂವರು ಹೆಣ್ಣುಮಕ್ಕಳು ಬಡಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಆಕೆ ಹಾಸ್ಟೆಲಿನ ಗೆಳತಿಯರಿಗೆ ಮಾರುತ್ತಿದ್ದಳು. ಬೇಸಿಗೆಯಲ್ಲಿ ಯಾವ ತಕರಾರೂ ಬರಲಿಲ್ಲ. ಮಳೆಗಾಲ ಬಂದಾಗ, ಪೂರ್ತಿ ಆರುವ ಮೊದಲೇ ಕವರಿಗೆ ತುಂಬಿದ ರೊಟ್ಟಿಯ ಅಂಚುಗಳು ಒಳಗಿನ ತೇವಕ್ಕೆ ಮೆತ್ತಗಾದವು. ಹಿಂಡಿಗೆ ಕಮಟು ವಾಸನೆ ಹತ್ತಿತು. ತೇವ ಎಷ್ಟಿರಬೇಕು, ಯಾವ ದಪ್ಪದ ಕವರು ಬೇಕು, ಹಿಂಡಿ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಅಂಗಡಿಯವರ ಮುಂದೆ ನಿಲ್ಲುವಂತಿಲ್ಲ. ಸಣ್ಣ ಆಹಾರ ಉತ್ಪಾದಕರ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವಷ್ಟೇ, ಅದು ಹೊರೆಯಲ್ಲ. ಪರೀಕ್ಷೆ, ಕವರು ಸೀಲು ಮಾಡುವ ಯಂತ್ರ, ಲೇಬಲ್ಲಿನ ಮುದ್ರಣ ಮತ್ತು ಕೆಟ್ಟುಹೋದ ಮಾಲಿನ ನಷ್ಟ ಇವೆಲ್ಲ ಕೂಡಿದಾಗ ಮಾತ್ರ ಒಕ್ಕಲುತನದ ಮನೆಗೆ ಭಾರವಾಗುತ್ತದೆ. ತೊಗರಿ ಮಾರಿ ಬಂದ ದುಡ್ಡಿನಲ್ಲಿ ಬೀಜ, ಗೊಬ್ಬರದ ಬಾಕಿ ಕಳೆದು ಉಳಿದದ್ದನ್ನು ಮಗಳ ಪ್ರಯೋಗಕ್ಕೆ ಕೊಡು ಎಂದು ಆ ತಂದೆಯನ್ನು ಯಾವ ಬಾಯಿಂದ ಕೇಳುವುದು?

ಸರ್ಕಾರದ ಯೋಜನೆಗಳಿವೆಯಲ್ಲ ಎಂದು ತಾವು ಕೇಳಬಹುದು. ನಿಜ, ಅವುಗಳ ಉಪಯೋಗವೂ ದೊಡ್ಡದೇ. ಕಿರು ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿದೆ. ಆದರೆ ಅದು ಬ್ಯಾಂಕ್ ಸಾಲದೊಂದಿಗೆ ಸೇರಿಕೊಂಡ ಸಹಾಯಧನ. ಶೇ 10ರಷ್ಟನ್ನಾದರೂ ಅರ್ಜಿದಾರರು ಸ್ವಂತವಾಗಿ ಹಾಕಬೇಕು. ಜೊತೆಗೆ ಮಾಲು ಮಾರಾಟವಾಗುತ್ತದೆ ಎಂಬುದಕ್ಕೆ ಒಂದಿಷ್ಟು ಆಧಾರ ಕೈಯಲ್ಲಿರದೆ ಬ್ಯಾಂಕಿನವರೆದುರು ಯೋಜನಾ ವರದಿ ಇಡುವುದು ಕಷ್ಟ. ಅಲ್ಲಿಯವರೆಗಿನ ನಾಲ್ಕಾರು ತಿಂಗಳ ದಾರಿಯಲ್ಲೇ ಹೆಚ್ಚಿನ ಮಕ್ಕಳು ಕೈಚೆಲ್ಲುತ್ತಾರೆ, ಮತ್ತು ನಮ್ಮ ನಿಧಿ ಇರುವುದು ಆ ದಾರಿಗೆ ಮಾತ್ರ.

ಬೀದರ್‌ನ ಬಿದ್ರಿ ಕುಶಲಕರ್ಮಿಗಳ ಮನೆಯಿಂದ ಓದಲು ಬಂದ ಹುಡುಗನ ಅಡಚಣೆ ಬೇರೆ ಬಗೆಯದು. ಸತು, ತಾಮ್ರದ ಮಿಶ್ರಲೋಹದ ಎರಕಕ್ಕೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನ ದ್ರಾವಣದಲ್ಲಿ ಕಪ್ಪೇರಿಸುವ ಕಸುಬು ಅವನ ಮನೆಯವರಿಗೆ ಕರಗತ. ಆನ್‌ಲೈನ್‌ನಲ್ಲಿ ನೇರವಾಗಿ ಗಿರಾಕಿಗಳನ್ನು ತಲುಪುವುದು ಅವನಿಗೆ ಗೊತ್ತು. ಆದರೆ ವಸ್ತು ಮಾರಾಟವಾಗುವುದು ಆಮೇಲೆ, ಬೆಳ್ಳಿಗೆ ದುಡ್ಡು ಎಣಿಸುವುದು ಮೊದಲು.

ನಿಧಿಯ ಹಣವನ್ನು ನಾವು ವಿದ್ಯಾರ್ಥಿಯ ಕೈಗೆ ನಗದಾಗಿ ಕೊಡುವುದಿಲ್ಲ. ಪ್ರಯೋಗಾಲಯ, ಮುದ್ರಣಾಲಯ, ಕಚ್ಚಾ ಮಾಲಿನ ಅಂಗಡಿಗಳಿಗೆ ಬಿಲ್ ನೋಡಿ ನೇರವಾಗಿ ಪಾವತಿಸುತ್ತೇವೆ. ಇದಕ್ಕೆ ಬಡ್ಡಿಯಿಲ್ಲ, ಉದ್ಯಮದಲ್ಲಿ ಪಾಲು ಕೇಳುವುದೂ ಇಲ್ಲ. ಲಾಭ ಕಂಡವರು ತಮಗಾದಾಗ ಮರಳಿಸಿದರೆ ಅದು ಮುಂದಿನ ವರ್ಷದ ಮಕ್ಕಳಿಗೆ ಸಲ್ಲುತ್ತದೆ. ಪ್ರಾಮಾಣಿಕವಾಗಿ ದುಡಿದೂ ಕೈಗೂಡದಿದ್ದರೆ ಆ ವಿದ್ಯಾರ್ಥಿಯಿಂದ ಒಂದು ರೂಪಾಯಿಯನ್ನೂ ವಸೂಲು ಮಾಡುವುದಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಸಾಲದ ಭಯದಿಂದ ಮುದುಡಿಹೋದ ಮಗು ಮತ್ತೊಮ್ಮೆ ಧೈರ್ಯ ಮಾಡುವುದು ಕಷ್ಟವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನೆಹರು ಗಂಜ್‌ನ ವರ್ತಕರಲ್ಲಿ, ದಾಲ್ ಮಿಲ್ ಮಾಲೀಕರಲ್ಲಿ ಇನ್ನೊಂದು ಬಿನ್ನಹವಿದೆ. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಹೆಸರಿನಲ್ಲಿ ಸ್ವಂತ ಪೊಟ್ಟಣ ಮಾಡಿ ಮಾರಬೇಕೆನ್ನುವ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಕಾಳಿಗೆ ಎಣ್ಣೆ ಹಚ್ಚಿ ಒಣಗಿಸುವುದರಿಂದ ಹಿಡಿದು ನುಚ್ಚು ಕಡಿಮೆ ಬೀಳುವಂತೆ ಒಡೆಸುವವರೆಗೆ ತಮಗೆ ತಿಳಿದಿರುವುದು ತರಗತಿಯಲ್ಲಿ ಸಿಗುವಂಥದ್ದಲ್ಲ. ಸುಗ್ಗಿಯ ಗದ್ದಲ ಮುಗಿದ ಮೇಲೆ ತಿಂಗಳಿಗೊಂದು ದಿನ ಈ ಮಕ್ಕಳನ್ನು ಮಿಲ್ಲಿನೊಳಗೆ ಬಿಟ್ಟುಕೊಂಡು ಕಲಿಸಿದರೆ, ಅದನ್ನೂ ದೇಣಿಗೆಯೆಂದೇ ನಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ.

ಕಾಯಕ ಮತ್ತು ದಾಸೋಹ ಎರಡನ್ನೂ ಕೂಡಿಸಿಯೇ ಬದುಕಬೇಕೆಂದು ತೋರಿದ ಶರಣಬಸವೇಶ್ವರರ ನೆಲವಿದು. 1958ರಲ್ಲಿ ಆರಂಭವಾದ ಇಲ್ಲಿನ ಎಂಜಿನಿಯರಿಂಗ್ ಕಾಲೇಜು ಇಂದಿಗೂ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳಾಗಿದ್ದ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರನ್ನು ಹೊತ್ತಿದೆ. ಓದಿಸುವುದಕ್ಕಾಗಿ ಹಿಂದಿನವರು ಅಷ್ಟು ಮಾಡಿದರು. ಓದಿದವರು ಇಲ್ಲೇ ಕಾಯಕ ಕಂಡುಕೊಳ್ಳುವಂತೆ ಮಾಡುವುದು ನಮ್ಮ ಪಾಲಿಗೆ ಬಂದಿರುವ ಕೆಲಸವೆಂದು ಭಾವಿಸಿದ್ದೇವೆ.

ದೇಣಿಗೆ 500 ರೂಪಾಯಿಯಾದರೂ ಸರಿಯೇ, ಒಬ್ಬ ವಿದ್ಯಾರ್ಥಿಯ ಪೂರ್ಣ ನೆರವನ್ನು ವಹಿಸಿಕೊಂಡರೂ ಸರಿಯೇ. ಹಿರಿಯರ ಸ್ಮರಣಾರ್ಥ ನೀಡುವವರು ಆ ಹೆಸರನ್ನು ಬರೆದು ತಿಳಿಸಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ದೊರೆಯುವುದಿಲ್ಲವಾದ್ದರಿಂದ, ದೊಡ್ಡ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಟ್ರಸ್ಟ್‌ನ ಹೆಸರಿಗೇ ನೀಡಿ, ಪ್ಯಾನ್ ಸಂಖ್ಯೆಯನ್ನು ತಿಳಿಸಿ ರಸೀದಿ ಪಡೆಯಬೇಕೆಂದು ಕೋರುತ್ತೇವೆ. ಖರ್ಚಿನ ಲೆಕ್ಕವನ್ನು ಪ್ರತಿ ಆರು ತಿಂಗಳಿಗೊಮ್ಮೆ ಎಲ್ಲ ದಾನಿಗಳಿಗೂ ಕಳುಹಿಸಲಾಗುವುದು. ಬಿಲ್ಲುಗಳನ್ನು ಖುದ್ದಾಗಿ ನೋಡಬಯಸುವವರು ಯಾವುದೇ ಕೆಲಸದ ದಿನ ಟ್ರಸ್ಟ್‌ನ ಕಚೇರಿಗೆ ಬರಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟ್‌ನ ಅಧ್ಯಕ್ಷರು ಮತ್ತು ಸದಸ್ಯರು, ಕಲಬುರಗಿ