'ಇಂಟಿಮೇಟ್' ಕಂಡಲ್ಲೆಲ್ಲ 'ಆಪ್ತ' ಅಲ್ಲ

ಕಿರಿಯ ಮಿತ್ರರೇ,

ನಿಮ್ಮ ಅನುವಾದದ ಕರಡಿನಲ್ಲಿ ಇಂಗ್ಲಿಷಿನ 'ಇಂಟಿಮೇಟ್' ಬಂದಲ್ಲೆಲ್ಲ 'ಆಪ್ತ' ಎಂದಿದೆ. ಕೆಲವು ಕಡೆ ಸಲ್ಲುತ್ತದೆ, ಹಲವು ಕಡೆ ಇಲ್ಲ.

ಲ್ಯಾಟಿನ್ನಿನ 'ಇಂತಿಮುಸ್' ಎಂದರೆ ತೀರಾ ಒಳಗಿನದು. ಅದರಿಂದ ಹುಟ್ಟಿದ ಕ್ರಿಯಾಪದ 'ಇಂತಿಮಾರೆ', ಅಂದರೆ ತಿಳಿಯಪಡಿಸು. ಇಂಗ್ಲಿಷಿಗೆ ಕ್ರಿಯಾಪದ 16ನೇ ಶತಮಾನದಲ್ಲಿ ಬಂತು, ಗುಣವಾಚಕ 17ರಲ್ಲಿ. ಮೊದಲಿಗೆ ಕ್ರಿಯಾಪದಕ್ಕೆ ವಿಧಿವತ್ತಾಗಿ ತಿಳಿಸುವ ಅರ್ಥವಿತ್ತು. ಸುಳಿವು ಕೊಡುವ ಅರ್ಥ ಆಮೇಲೆ ಕೂಡಿಕೊಂಡಿತು. ಹಳೆಯದೂ ಬದುಕಿದೆ. ಕಚೇರಿ ಪತ್ರದ 'ಇಂಟಿಮೇಷನ್' ನೇರವಾದ ತಿಳಿವಳಿಕೆ. ಅದನ್ನು 'ಸುಳಿವು ನೀಡಲಾಗಿದೆ' ಎಂದು ಬರೆದರೆ ನಗೆಪಾಟಲು. ಕಾದಂಬರಿಯ ಪಾತ್ರವಾದರೆ 'ಸೂಚ್ಯವಾಗಿ ಹೇಳಿದಳು' ಎನ್ನಿ.

ಉಚ್ಚಾರದಲ್ಲಿ ಗುಣವಾಚಕದ ಕೊನೆ 'ಮಟ್' ಎಂದು ಮೊಟಕು, ಕ್ರಿಯಾಪದದ್ದು 'ಮೇಟ್' ಎಂದು ದೀರ್ಘ. ಕಾಗದದ ಮೇಲೆ ಎರಡೂ ಒಂದೇ. ಬೆನ್ನಿಗೇ 'ದಟ್' ಬಂದರೆ ಕ್ರಿಯಾಪದವೆಂದು ಹಿಡಿಯಿರಿ.

ಗುಣವಾಚಕದ್ದೇ ಹೆಚ್ಚು ಕಾಟ. ಗೆಳೆತನಕ್ಕೆ 'ಆಪ್ತ' ಸರಿ, ದಂಪತಿಗಳಿಗೆ 'ಅನ್ಯೋನ್ಯ' ಇನ್ನೂ ಸರಿ. ತಿಳಿವಿನ ವಿಷಯಕ್ಕೆ ನೀವು ಬರೆದ 'ಆಪ್ತ ಜ್ಞಾನ' ಕನ್ನಡವೇ ಅಲ್ಲ. 'ಊರಿನ ಒಳಹೊರಗು ಬಲ್ಲವನು' ಎಂದರೆ ಮುಗಿಯಿತು. ದೇಹಸಂಬಂಧಕ್ಕೆ ಇಂಗ್ಲಿಷ್ ಈ ಪದವನ್ನು ಪರದೆಯಂತೆ ಬಳಸುತ್ತದೆ. ಮೂಲದಲ್ಲಿ ಸಂಕೋಚವಿದ್ದರೆ ನೀವೂ ಪರದೆ ಉಳಿಸಿ. ನ್ಯಾಯಾಲಯದ ಹೇಳಿಕೆಯಾದರೆ 'ದೈಹಿಕ ಸಂಬಂಧ' ಎಂದೇ ಬರೆಯಿರಿ.

'ಆಪ್ತ'ದ ಬೇರನ್ನೂ ನೋಡಿಕೊಳ್ಳಿ. 'ಆಪ್' ಧಾತುವಿಗೆ ತಲುಪು, ಪಡೆ ಎಂಬ ಅರ್ಥ. ಭಾರತೀಯ ತರ್ಕಶಾಸ್ತ್ರವಾದ ನ್ಯಾಯದರ್ಶನದಲ್ಲಿ ಆಪ್ತನೆಂದರೆ ಮಾತು ನಂಬಬಹುದಾದವನು. ಅವನ ಉಪದೇಶವೇ ಶಬ್ದಪ್ರಮಾಣ, ಅಂದರೆ ಮಾತಿನಿಂದ ದೊರೆಯುವ ಅರಿವಿಗೆ ಆಧಾರ. ಹೀಗೆ ಪದದೊಳಗೆ ನಂಬಿಕೆ ಬೆರೆತಿರುವುದರಿಂದ, ಹತ್ತಿರವಿದ್ದೂ ವಿಶ್ವಾಸವಿಲ್ಲದ ಸಂಬಂಧಕ್ಕೆ ಅದು ಒಗ್ಗದು. ಅಲ್ಲಿ 'ನಿಕಟ' ಸಾಕು.

ಸುಳಿವಿನ ಕಡೆಗೆ 'ಇಂಗಿತ' ಇದೆ. ಅದರ ಧಾತು 'ಇಂಗ್', ಅಲುಗು ಎಂದು. ಮೈಯ ಚಲನೆಯಲ್ಲಿ ಹೊರಬೀಳುವ ಮನದ ಆಶಯವೇ ಇಂಗಿತ. ಸುಳಿವನ್ನು ಬೇಕೆಂದೇ ಕೊಡುತ್ತೇವೆ. ಇಂಗಿತವನ್ನು ಎದುರಿನವರು ಅರಿಯುತ್ತಾರೆ, ಅರಿತವನು ಇಂಗಿತಜ್ಞ. ಪತ್ರಿಕೆಗಳು 'ಸ್ಪರ್ಧಿಸುವ ಇಂಗಿತ ವ್ಯಕ್ತಪಡಿಸಿದರು' ಎಂದು ಬರೆದೂ ಬರೆದೂ ಅದನ್ನು ಬರಿಯ 'ಇಚ್ಛೆ'ಯ ಮಟ್ಟಕ್ಕೆ ಇಳಿಸಿವೆ. ನೀವು ಹಾಗೆ ಬಳಸದಿದ್ದರೆ ನನಗೆ ಸಂತೋಷ.

ಇನ್ನೊಂದು. ಕೊನೆಯ ಅಧ್ಯಾಯದಲ್ಲಿರುವುದು 'ಇಂಟಿಮಿಡೇಟ್'. ಅದರ ಬೇರು 'ತಿಮಿದುಸ್', ಅಂಜುವವನು. ಈ ಮನೆತನಕ್ಕೂ ಅದಕ್ಕೂ ನಂಟಿಲ್ಲ. 'ತಿಳಿಸಿದ' ಎಂದಿರುವುದನ್ನು 'ಬೆದರಿಸಿದ' ಎಂದು ತಿದ್ದಿ ಕಳುಹಿಸಿ.