ಟಸ್ಕಲೂಸಾದ ಆ ಬಾಗಿಲು

ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಟಸ್ಕಲೂಸಾದ ನಿಮ್ಮ ಅಲಬಾಮಾ ಯೂನಿವರ್ಸಿಟಿಯ ಫಾಸ್ಟರ್ ಆಡಿಟೋರಿಯಂ, ದಪ್ಪ ಕಂಬಗಳು, ಹಿಂದೆ ಆ ಬಾಗಿಲು. 1963ರ ಜೂನ್ 11ರಂದು ಅಮೆರಿಕದ ಅಲಬಾಮಾ ರಾಜ್ಯದ ಗವರ್ನರ್ ಜಾರ್ಜ್ ವ್ಯಾಲೇಸ್ ಅಡ್ಡ ನಿಂತಿದ್ದು ಅಲ್ಲೇ, ವಿವಿಯನ್ ಮಲೋನ್, ಜೇಮ್ಸ್ ಹುಡ್ ಅನ್ನೋ ಇಬ್ಬರು ಕಪ್ಪು ವಿದ್ಯಾರ್ಥಿಗಳು ನಿಮ್ಮ ಯೂನಿವರ್ಸಿಟಿಗೆ ಸೇರಬಾರದು ಅಂತ. ವಿವಿಯನ್‌ಗೆ ಆಗ 20 ವರ್ಷ. ನಿನ್ನಷ್ಟೇ.

"ಅವನು ಆಮೇಲೆ ಕ್ಷಮೆ ಕೇಳಿದನಂತೆ, ಕ್ಷಮಿಸಬಹುದಾ ಅಮ್ಮಾ?" ಅಂದಿದ್ದೆ. ಕುಕ್ಕರ್ ಕೂಗ್ತಿದೆ ಅಂತ ಫೋನ್ ಇಟ್ಟೆ. ಕೂಗುತ್ತಿರಲಿಲ್ಲ.

ಅವನ ದ್ವೇಷಕ್ಕಿಂತ ಅವನ ಲೆಕ್ಕಾಚಾರ ನೋಡಿದರೆ ನನಗೆ ಸಿಟ್ಟು ಜಾಸ್ತಿ. ಮೊದಲು ಜಡ್ಜ್ ಆಗಿದ್ದಾಗ ಇದೇ ಮನುಷ್ಯ ಕಪ್ಪು ವಕೀಲರೊಬ್ಬರನ್ನು ಕೋರ್ಟಿನಲ್ಲಿ 'ಮಿಸ್ಟರ್' ಅಂತ ಕರೆದಿದ್ದ, ಹಾಗೆ ಕರೆದ ಮೊದಲ ಜಡ್ಜ್ ಅವನೇ ಅಂತ ಆ ವಕೀಲರೇ ನೆನಪು ಮಾಡಿಕೊಂಡಿದ್ದಾರೆ. ಇದೇನು ಮಹಾ ಅನ್ನಬೇಡ. ನಮ್ಮೂರಲ್ಲಿ ಕೇರಿಯಿಂದ ಬಂದು ಅಂಗಳದಲ್ಲಿ ನಿಲ್ಲುತ್ತಿದ್ದ, ಎಪ್ಪತ್ತು ದಾಟಿದ ಅಜ್ಜನನ್ನು ಹತ್ತು ವರ್ಷದ ನಾನು 'ಏನೋ, ಬಾರೋ' ಅನ್ನುತ್ತಿದ್ದೆ, ಅವರು ನನ್ನನ್ನು 'ಅವ್ವಾರೇ' ಅನ್ನುತ್ತಿದ್ದರು, ಮನೆಯಲ್ಲಿ ಒಬ್ಬರೂ ತಿದ್ದಲಿಲ್ಲ.

1958ರಲ್ಲಿ ವ್ಯಾಲೇಸ್ ಗವರ್ನರ್ ಆಗಲು ಹೋಗಿ ಸೋತ. ಗೆದ್ದವನ ಬೆನ್ನಿಗೆ ಕಪ್ಪು ಜನರ ಮೇಲೆ ಹಲ್ಲೆ ಮಾಡುತ್ತಿದ್ದ ಬಿಳಿಯರ ಗುಂಪು, ಕು ಕ್ಲಕ್ಸ್ ಕ್ಲಾನ್ ಇತ್ತು. ಗಾಳಿ ಬಂದ ಕಡೆ ತೂರಿಕೊಂಡ. 1963ರ ಜನವರಿಯಲ್ಲಿ ಪ್ರಮಾಣವಚನದ ದಿನವೇ, ಬಿಳಿಯರೂ ಕರಿಯರೂ ಬೇರೆಬೇರೆ, ಇವತ್ತು, ನಾಳೆ, ಯಾವತ್ತಿಗೂ ಅಂತ ಗುಡುಗಿದ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನ ಕಪ್ಪು ಜನರ ಚರ್ಚಿನಲ್ಲಿ ಬಾಂಬ್ ಸಿಡಿದು ನಾಲ್ಕು ಹುಡುಗಿಯರು ಸತ್ತರು. ಬಾಂಬ್ ಇಟ್ಟವನು ಅವನಲ್ಲ, ನಿಜ. ಆದರೆ ಒಲೆ ಊದುತ್ತಾ ಕೂತಿದ್ದವನು ಅವನೇ ಅಲ್ವಾ?

1972ರಲ್ಲಿ ಗುಂಡೇಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಗಾಲಿಕುರ್ಚಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಪಾದ್ರಿಯಾಗಿದ್ದ ಚರ್ಚಿಗೇ ಹೋಗಿ ಕ್ಷಮೆ ಕೇಳಿದ. 1982ರಲ್ಲಿ ಕಪ್ಪು ಜನರ ವೋಟೂ ಸಿಕ್ಕಿ ಮತ್ತೆ ಗವರ್ನರ್ ಆದ. ಇದು ಮಾತ್ರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಕ್ಷಮೆ ಕೇಳಿದವನಿಗೆ ಕ್ಷಮೆ ಸಿಗಲಿ, ಕುರ್ಚಿ ಯಾಕೆ?

ಆದರೆ 1996ರಲ್ಲಿ, ರಾಜಕೀಯ ಬಿಟ್ಟು ಎಷ್ಟೋ ವರ್ಷವಾದ ಮೇಲೆ, ತೀರಿಹೋದ ಹೆಂಡತಿಯ ಹೆಸರಿನ ಪ್ರಶಸ್ತಿಯನ್ನು ವಿವಿಯನ್‌ಗೆ ಕೊಟ್ಟ, ಅವರು ಬಂದು ತೆಗೆದುಕೊಂಡರು. ಆಗ ಅವನಿಗೆ ಯಾವ ವೋಟೂ ಬೇಕಿರಲಿಲ್ಲ, ಹಾಗಾಗಿ ಅದನ್ನು ನಂಬುತ್ತೇನೆ. 1965ರಲ್ಲಿ ಕಪ್ಪು ಜನರ ವೋಟಿನ ಹಕ್ಕಿಗಾಗಿ ಮೆರವಣಿಗೆ ಹೊರಟು, ಸೆಲ್ಮಾ ಊರಿನ ಸೇತುವೆ ಮೇಲೆ ಅವನ ಪೊಲೀಸರಿಂದ ತಲೆ ಒಡೆಸಿಕೊಂಡ ಹೋರಾಟಗಾರ ಜಾನ್ ಲೂಯಿಸ್ ಕೂಡ, 1998ರಲ್ಲಿ ಅವನು ಸತ್ತಾಗ, ಕ್ಷಮಿಸಿದ್ದೇನೆ ಅಂತ ಪತ್ರಿಕೆಯಲ್ಲಿ ಬರೆದರು. ಏಟು ತಿಂದವರು, ಅವರಿಗೆ ಆ ಹಕ್ಕಿದೆ. ಬೆಂಗಳೂರಲ್ಲಿ ಕೂತು ಕಾಫಿ ಕುಡಿಯುತ್ತಿರುವ ನಾನು ಯಾರು ಕ್ಷಮಿಸೋಕೆ? ಆ ನಾಲ್ಕು ಹುಡುಗಿಯರನ್ನಂತೂ ಕೇಳೋಕೇ ಆಗುವುದಿಲ್ಲ.

ನಮ್ಮೂರಿನ ಆ ಅಜ್ಜನ ಹತ್ತಿರ ನಾನೂ ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯುವಷ್ಟರಲ್ಲಿ ಅವರು ಇರಲಿಲ್ಲ.

ಜೇಮ್ಸ್ ಹುಡ್ ವ್ಯಾಲೇಸ್‌ನ ಅಂತ್ಯಕ್ರಿಯೆಗೂ ಹೋಗಿದ್ದರು, ಗೊತ್ತಾ? ಇಷ್ಟೆಲ್ಲ ಬರೆದ ಮೇಲೂ ಅವನನ್ನು 'ಅವರು' ಅನ್ನೋಕೆ ನನಗೆ ಕೈ ಬರಲಿಲ್ಲ ನೋಡು.

ಅಮ್ಮ